ಸೂರತ್ತಿನ ಕೋಠಿಯ ಪರದೇಶಿಗಳು

1613ರಲ್ಲಿ ಇಂಗ್ಲಿಷ್ ಕಂಪನಿ ಸೂರತ್ತಿನಲ್ಲಿ ಫ್ಯಾಕ್ಟರಿ ತೆರೆಯಿತು. ಅಲ್ಲಿ ಏನೂ ತಯಾರಾಗುತ್ತಿರಲಿಲ್ಲ. ‘ಫ್ಯಾಕ್ಟರ್’ ಎಂದರೆ ಕಂಪನಿಯ ಪರವಾಗಿ ಕೊಂಡು ಮಾರುವ ಗುಮಾಸ್ತ. ಅವನಿದ್ದ ಮನೆಯೇ ಫ್ಯಾಕ್ಟರಿ. ‘ಕೋಠಿ’ ಎನ್ನುವ ನಮ್ಮ ಮಾತೇ ಅದಕ್ಕೆ ಹತ್ತಿರ.

ಆಗ ಸೂರತ್ ಮೊಗಲರ ಹಿರಿಯ ಬಂದರು. ಹಜ್ ಯಾತ್ರಿಕರು ಹಡಗು ಹತ್ತುತ್ತಿದ್ದುದೂ ಅಲ್ಲೇ. ಇಷ್ಟು ದೊಡ್ಡ ಊರಿಗೆ ಬಂದ ಹುಡುಗರು ಮಾತ್ರ ಒಂದೇ ಸೂರಿನಡಿ ಬದುಕುತ್ತಿದ್ದರು. ಊಟಕ್ಕೆ ಒಂದೇ ಮೇಜು, ಕೂರುವುದು ದರ್ಜೆಯಂತೆ. ಇಂಗ್ಲಿಷ್, ಪೋರ್ಚುಗೀಸ್, ಭಾರತೀಯ ಅಡುಗೆಯವರು ಮೂವರೂ ಇದ್ದರೆಂದು 1689ರಲ್ಲಿ ಬಂದ ಪಾದ್ರಿ ಓವಿಂಗ್ಟನ್ ಬರೆದಿದ್ದಾನೆ. ನಾಲಿಗೆಗೆ ಊರಿನ ರುಚಿ ಹತ್ತಿತು, ಮಾತು ಹತ್ತಲಿಲ್ಲ. ಸರ್ಖೇಜಿನ ನೀಲಿ, ಬರೋಡದ ಬಟ್ಟೆ ಕೊಳ್ಳಬೇಕಾದರೆ ದಲ್ಲಾಳಿ ಬೇಕೇ ಬೇಕು. ಭೀಮ್‌ಜಿ ಪಾರೇಖನಂಥ ಬನಿಯಾ ದಲ್ಲಾಳಿಗಳಿಲ್ಲದೆ ಕಂಪನಿಯ ವ್ಯಾಪಾರವೇ ನಡೆಯುತ್ತಿರಲಿಲ್ಲ. ಯಾರು ಯಾರ ನೌಕರರೋ!

1664ರ ಜನವರಿಯಲ್ಲಿ ಶಿವಾಜಿ ದಾಳಿಯಿಟ್ಟಾಗ ಮೊಗಲ್ ಅಧಿಕಾರಿ ಕೋಟೆಯೊಳಗೆ ಅಡಗಿದ. ಕೋಠಿಯ ಮುಖ್ಯಸ್ಥ ಜಾರ್ಜ್ ಆಕ್ಸೆಂಡನ್ ಬಾಗಿಲು ಭದ್ರಪಡಿಸಿಕೊಂಡು ಎದುರು ನಿಂತ. ಅದನ್ನು ಮೆಚ್ಚಿ ಔರಂಗಜೇಬ ಉಡುಗೊರೆಯ ನಿಲುವಂಗಿ ಕಳಿಸಿದ, ಒಂದು ವರ್ಷದ ಸುಂಕ ಬಿಟ್ಟುಕೊಟ್ಟ.

ಆಕ್ಸೆಂಡನ್ ಊರಿಗೆ ಮರಳಲಿಲ್ಲ. 1669ರಲ್ಲಿ ಸೂರತ್ತಿನಲ್ಲೇ ತೀರಿಕೊಂಡ. ಹತ್ತು ವರ್ಷ ಮೊದಲೇ ಅಲ್ಲಿ ಮಣ್ಣಾಗಿದ್ದ ಸೋದರ ಕ್ರಿಸ್ಟೋಫರ್ ಜೊತೆ ಅವನನ್ನೂ ಹೂಳಿದರು. ಅವರ ಸಮಾಧಿ ಇಂಗ್ಲೆಂಡಿನ ಚರ್ಚಿನಂತಿಲ್ಲ. ಮೊಗಲ್ ಅಮೀರರ ಗೋರಿಯಂತೆ ಕಂಬ, ಕಮಾನು, ಗುಮ್ಮಟದ ಎರಡಂತಸ್ತಿನ ಕಟ್ಟಡ. ಡಚ್ಚರೂ ಹಿಂದೆ ಬೀಳಲಿಲ್ಲ. ಮಲಬಾರಿನ ಗಿಡಮರಗಳ ಮಹಾಗ್ರಂಥ ಮಾಡಿಸಿದ ವಾನ್ ರೀಡ್ 1691ರಲ್ಲಿ ಸತ್ತಾಗ, ಅದೇ ಸೂರತ್ತಿನಲ್ಲಿ ಅವನಿಗೂ ಭಾರಿ ಗುಮ್ಮಟವೊಂದು ಎದ್ದಿತು.