ಅವರ ಭಾಂಗು, ನಮ್ಮ ಭಂಗಿ

ಬನಾರಸಿಗೆ ಹೋಗಿಬಂದ ಗೆಳೆಯನೊಬ್ಬ ಅಲ್ಲಿನ ಸರ್ಕಾರಿ ಭಾಂಗಿನ ಅಂಗಡಿ ನೋಡಿ ದಂಗಾಗಿದ್ದ. ಲೈಸೆನ್ಸ್ ಪಡೆದು ರಾಜಾರೋಷವಾಗಿ ಮಾರ್ತಾರೆ! ನಮ್ಮ ಯಾದಗಿರಿ, ಶಹಾಪುರ, ಸುರಪುರದ ಕಡೆ ತೊಗರಿ ಹೊಲದ ನಡುವೆ ಅದೇ ಗಿಡ ನಾಲ್ಕು ಬೆಳೆದವನಿಗೆ ಜೈಲು. ಗಿಡ ಒಂದೇ, ದೇಶ ಒಂದೇ, ಕಾಯ್ದೆಯೂ ಒಂದೇ. ಮತ್ತೆ ಹೀಗ್ಯಾಕೆ?

ಮೊದಲು ಮಾತಿನ ಗೊಂದಲ ಬಿಡಿಸೋಣ. ಹಿಂದಿಯವರ ಭಾಂಗು ಅಂದರೆ ಎಲೆ, ಅರೆದು ಕುಡಿಯುವುದು. ನಮ್ಮಲ್ಲಿ ಭಂಗಿ ಅಂದರೆ ಚಿಲುಮೆಗೆ ತುಂಬುವ ಗಾಂಜಾ, ಅಂದರೆ ಗಿಡದ ಹೂದೆನೆ. ಅವಧೂತರು, ಆರೂಢರು ಅಂತ ನಾವು ಕರೆಯುವ ಪಂಥಗಳಲ್ಲಿ ಇದು ಧ್ಯಾನಕ್ಕೆ ದಾರಿ ಅನ್ನುವ ನಂಬಿಕೆ ಹಳೆಯದು. ಸುರಪುರ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ ತಿಂಥಣಿ ಇದೆಯಲ್ಲ, ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಮೌನೇಶ್ವರನ ಗುಡಿ? ಅಲ್ಲಿಯ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಸಿಗುತ್ತದೆ ಅಂತ 2020ರಲ್ಲಿ ಪತ್ರಿಕೆಗಳು ಬರೆದಾಗ ಬೆಂಗಳೂರಿನವರಿಗೆ ಆಶ್ಚರ್ಯವಾಯಿತು. ನಮ್ಮ ಕಡೆಯವರಿಗೆ ಆಗಲಿಲ್ಲ.

ಜಾತ್ರೆಗೂ ಗಿಡಕ್ಕೂ ಬಿಸಿಲಿನ ನಂಟೂ ಇದೆ. ಇದು ರಾತ್ರಿ ಉದ್ದವಾಗುತ್ತಾ ಹೋದಾಗ ಹೂ ಬಿಡುವ ಗಿಡ. ಮಳೆಗಾಲದಲ್ಲಿ ಬೆಳೆದು, ದಸರೆ ಕಳೆದ ಮೇಲೆ ತೆನೆಗಟ್ಟಿ, ಚಳಿಗಾಲಕ್ಕೆ ಕೊಯ್ಲಿಗೆ ಬರುತ್ತದೆ. ತಿಂಥಣಿ ಜಾತ್ರೆಯೂ ಚಳಿಗಾಲದ್ದೇ. ಅಮೆರಿಕ, ಕೆನಡಾದಲ್ಲಿ ಈಗ ಒಂದೇ ತಾಯಿಗಿಡದ ಟೊಂಗೆ ಕತ್ತರಿಸಿ ನೆಟ್ಟು, ಮುಚ್ಚಿದ ಕೋಣೆಯಲ್ಲಿ ದೀಪ ಹಚ್ಚಿ ಆರಿಸಿ ಬೆಳೆಸುತ್ತಾರೆ. ಕೆಲವರು ಅತಿನೇರಳೆ ದೀಪವನ್ನೂ ಹಾಕಿ ನೋಡಿದರು. ಅದರಿಂದ ಮತ್ತು ಹೆಚ್ಚುತ್ತದೆ ಅಂತ 1987ರ ಒಂದು ಅಧ್ಯಯನ ಹೇಳಿತ್ತು. 2021ರಲ್ಲಿ ಮಾಡಿದ ಪ್ರಯೋಗದಲ್ಲಿ ಅಂಥ ಲಾಭವೇನೂ ಕಾಣಲಿಲ್ಲ. ಇಷ್ಟೆಲ್ಲ ಕರೆಂಟು ಸುಟ್ಟು ಅವರು ಮಾಡುವುದು ಕೃಷ್ಣೆಯ ದಂಡೆಗೆ ಪುಕ್ಕಟೆ ಬರುವ ಕಾರ್ತಿಕದ ರಾತ್ರಿಯ ನಕಲು, ಅಷ್ಟೇ!

ಇನ್ನು ಕಾಯ್ದೆಯ ಕತೆ. 1857-58ರ ದಂಗೆಯ ನಂತರ ಸುರಪುರ ನಾಯಕರ ಕೈತಪ್ಪಿ 1860ರಲ್ಲಿ ನಿಜಾಮನ ಪಾಲಾಯಿತು. ಆಚೆ ಬ್ರಿಟಿಷ್ ಇಂಡಿಯಾದಲ್ಲಿ 1893ರಲ್ಲಿ ಸರ್ಕಾರ ಒಂದು ಆಯೋಗ ನೇಮಿಸಿತು. ಅದು 1,193 ಸಾಕ್ಷಿಗಳನ್ನು ಕೇಳಿ, ಪೂರ್ತಿ ನಿಷೇಧ ಬೇಡ, ತೆರಿಗೆ ಹಾಕಿ ಹತೋಟಿಯಲ್ಲಿಡಿ ಅಂತ ವರದಿ ಕೊಟ್ಟಿತು. ಮುಂದೆ 1961ರಲ್ಲಿ ವಿಶ್ವಸಂಸ್ಥೆಯ ಒಪ್ಪಂದ ಬಂತು. ಹೂದೆನೆ ನಿಷಿದ್ಧ, ತೆನೆಯಿಲ್ಲದ ಬರಿ ಎಲೆ ಮತ್ತು ಬೀಜ ಆ ವ್ಯಾಖ್ಯೆಯಿಂದ ಹೊರಗೆ. 1985ರ ನವೆಂಬರ್ 14ರಂದು ಜಾರಿಗೆ ಬಂದ ನಮ್ಮ ಎನ್‌ಡಿಪಿಎಸ್ ಕಾಯ್ದೆಯೂ ಇದೇ ಗೆರೆ ಎಳೆಯಿತು.

ಗುಟ್ಟು ಇರುವುದು ಆ ಗೆರೆಯಲ್ಲೇ. ಎಲೆ ಕುಡಿಯುವವರ ಹೋಳಿ, ಶಿವರಾತ್ರಿ ಉಳಿದವು. ಹೂ ಸೇದುವವರ ಚಿಲುಮೆ ಅಪರಾಧವಾಯಿತು. 2022ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಒಂದು ಜಾಮೀನು ಪ್ರಕರಣದಲ್ಲಿ, ಭಾಂಗನ್ನು ಈ ಕಾಯ್ದೆ ನಿಷೇಧಿಸಿಲ್ಲ ಅಂದಿತು. ಆದರೆ ಪರವಾನಗಿಯಿಲ್ಲದೆ ಗಿಡ ಬೆಳೆಸಿದರೆ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಹತ್ತಿರ ಇಟ್ಟುಕೊಂಡವನಿಗಾದರೂ ಒಂದು ಕಿಲೋಗಿಂತ ಕಡಿಮೆ ಅಂತ ರಿಯಾಯಿತಿ ಉಂಟು. ಬೆಳೆದವನಿಗೆ ಅಂಥ ಲೆಕ್ಕವೂ ಇಲ್ಲ. ಮಠದ ಅಜ್ಜನಿಗೆ ಅಂತ ಬೆಳೆದರೂ ಅಷ್ಟೇ, ಬೆಂಗಳೂರಿನ ದಂಧೆಗೆ ಬೆಳೆದರೂ ಅಷ್ಟೇ.

ಗಾಂಜಾ ಒಳ್ಳೇದು ಅಂತ ವಕಾಲತ್ತು ಮಾಡ್ತಿಲ್ಲ ಮಾರಾಯ್ರೇ. ಹರೆಯದ ಹುಡುಗರು ಅದರ ಹಿಂದೆ ಬಿದ್ದು ಹಾಳಾಗುವುದನ್ನು ಯಾರು ಮೆಚ್ಚುತ್ತಾರೆ? ನನ್ನ ತಕರಾರು ಇಷ್ಟೇ: ಒಂದೇ ಗಿಡದ ಎರಡು ಸಂಪ್ರದಾಯಗಳಲ್ಲಿ ಒಂದಕ್ಕೆ ಸರ್ಕಾರಿ ಅಂಗಡಿ, ಇನ್ನೊಂದಕ್ಕೆ ಕೋಳ. ಗೆರೆ ಎಳೆಯುವಾಗ ತಿಂಥಣಿಯವರನ್ನು ಯಾರಾದರೂ ಕೇಳಿದ್ದರೇ?

ನೀವೇನಂತೀರಿ?