ಕಡ್ಡಿಯ ತುದಿಯ ಮಾಣಿಕ್ಯ

ಬೆಂಗಳೂರಿನ ಪೀಣ್ಯದ ಯಾವುದಾದರೂ ಒಳ್ಳೆಯ ಮಷೀನ್ ಶಾಪಿನ ತಪಾಸಣಾ ಕೋಣೆಗೆ ಕಾಲಿಟ್ಟರೆ ಮೊದಲು ಮೈಗೆ ತಾಗುವುದು ತಂಪು. ಒಳಗಿನ ಉಷ್ಣತೆ 20 ಡಿಗ್ರಿ. ನಡುವೆ ಕರಿ ಗ್ರಾನೈಟಿನ ಮೇಜು. ಅದರ ಮೇಲೆ ಗಾಳಿಯ ತೆಳು ಪದರದಲ್ಲಿ ಸದ್ದಿಲ್ಲದೆ ಜಾರುವ ಸೇತುವೆ. ಪುಸ್ತಕದ ಭಾಷೆಯಲ್ಲಿ ಇದು ನಿರ್ದೇಶಾಂಕ ಮಾಪನ ಯಂತ್ರ, ಕೋಣೆಯಲ್ಲಿ ಕೆಲಸ ಮಾಡುವವರ ಬಾಯಲ್ಲಿ ಸಿಎಂಎಂ. ಇಷ್ಟು ದೊಡ್ಡ ಯಂತ್ರದಲ್ಲಿ ಅಳೆಯಬೇಕಾದ ತುಂಡನ್ನು ಮುಟ್ಟುವುದು ಮಾತ್ರ ಒಂದು ಕಡ್ಡಿಯ ತುದಿಗೆ ಕೂಡಿಸಿದ, ಮೆಣಸಿನ ಕಾಳಿನಷ್ಟು ದಪ್ಪದ ಕೆಂಪು ಗುಂಡು. ಅದು ಕೃತಕ ಮಾಣಿಕ್ಯ. ಅದನ್ನು ಹೊತ್ತ ಕಡ್ಡಿ ಸ್ಟೈಲಸ್. ಕಡ್ಡಿಯನ್ನು ಹಿಡಿದು ಸ್ಪರ್ಶವನ್ನು ಗುರುತಿಸುವ ಅಂಗ ಪ್ರೋಬ್.

ಯಾವ ಪ್ರೋಬ್, ಎಷ್ಟುದ್ದದ ಕಡ್ಡಿ, ಎಷ್ಟು ದಪ್ಪದ ಗುಂಡು, ಯಾವ ಕೋನ? ಅಳತೆ ಎಷ್ಟು ನಂಬಿಕೆಗೆ ಅರ್ಹ ಎಂಬುದು ಈ ಆಯ್ಕೆಯಲ್ಲೇ ಬಹುಪಾಲು ತೀರ್ಮಾನವಾಗಿಬಿಡುತ್ತದೆ. ಆರು ದಶಕಗಳಲ್ಲಿ ಪ್ರೋಬ್‌ಗೆ ಹೊಸ ಹೊಸ ಸ್ವಾತಂತ್ರ್ಯಗಳು ಸಿಕ್ಕಿವೆ. ಪ್ರತಿ ಸ್ವಾತಂತ್ರ್ಯದ ಬೆನ್ನಿಗೇ ಒಂದು ಹೊಸ ದೋಷವೂ ಬಂದಿದೆ. ಈ ಕ್ಷೇತ್ರದ ಬೆಳವಣಿಗೆಯನ್ನು ಆ ಜೋಡಿಯಾಗಿಯೇ ನೋಡಬೇಕು.

ಈ ಯಂತ್ರದ ಕಥೆ ಶುರುವಾದದ್ದು ಸ್ಕಾಟ್ಲೆಂಡಿನಲ್ಲಿ. ಅಂಕೀಯ ನಿಯಂತ್ರಣದ ಮಿಲ್ಲಿಂಗ್ ಯಂತ್ರಗಳು ನಿಮಿಷಗಳಲ್ಲಿ ಕೊರೆದ ತುಂಡನ್ನು ಸರ್ಫೇಸ್ ಪ್ಲೇಟಿನ ಮೇಲಿಟ್ಟು ಹೈಟ್ ಗೇಜಿನಿಂದ ಅಳೆಯಲು ಗಂಟೆಗಳೇ ಹಿಡಿಯುತ್ತಿದ್ದವು. ಆ ತೊಡಕು ಬಿಡಿಸಲು ಫೆರಾಂಟಿ ಕಂಪನಿ ಕಟ್ಟಿದ ಯಂತ್ರವನ್ನು 1959ರ ಪ್ಯಾರಿಸ್ ಯಂತ್ರೋಪಕರಣ ಪ್ರದರ್ಶನದಲ್ಲಿ ಜಗತ್ತು ಕಂಡಿತು. 1960ರ ದಶಕದ ಮೊದಲ ಭಾಗದಲ್ಲೇ ಇಟಲಿಯ ಟುರಿನ್‌ನಲ್ಲಿ ಡಿಇಎ ಕಂಪನಿ ಮೂರು ಅಕ್ಷಗಳ ಯಂತ್ರ ತಂದಿತು. ಆಗಿನ ಪ್ರೋಬ್ ಎಂದರೆ ಗಟ್ಟಿ ಲೋಹದ ಮೊನೆ ಅಷ್ಟೇ. ಶಂಕುವಿನಾಕಾರದ ತುದಿಯನ್ನು ತೂತಿಗೆ ಇಳಿಸಿದರೆ ಅದು ತಾನೇ ನಡುವಿಗೆ ಬಂದು ಕೂರುತ್ತಿತ್ತು. ಆಪರೇಟರ್ ಆಗ ಅಂಕಿ ಓದಿಕೊಳ್ಳುತ್ತಿದ್ದ. ಒಬ್ಬನ ಕೈ ಒತ್ತಿದಷ್ಟು ಇನ್ನೊಬ್ಬನ ಕೈ ಒತ್ತುವುದಿಲ್ಲ. ಹೀಗಾಗಿ ಅಳತೆಯೂ ಕೈಯಿಂದ ಕೈಗೆ ಬದಲಾಗುತ್ತಿತ್ತು.

ನಿಜವಾದ ತಿರುವು ಬಂದದ್ದು 1972ರಲ್ಲಿ. ಕಾಂಕಾರ್ಡ್ ವಿಮಾನದ ಒಲಿಂಪಸ್ ಎಂಜಿನ್ನಿಗೆ ಬೇಕಾದ ತೆಳು ಇಂಧನ ಕೊಳವೆಗಳನ್ನು ಅಳೆಯುವುದು ರೋಲ್ಸ್ ರಾಯ್ಸ್‌ಗೆ ದೊಡ್ಡ ತಲೆನೋವಾಗಿತ್ತು. ಗಟ್ಟಿ ಮೊನೆ ತಾಗಿಸಿದರೆ ಕೊಳವೆಯೇ ಬಾಗುತ್ತಿತ್ತು. ಅಲ್ಲಿದ್ದ ಐರಿಷ್ ಎಂಜಿನಿಯರ್ ಡೇವಿಡ್ ಮ್ಯಾಕ್‌ಮರ್ಟ್ರಿ ಇದಕ್ಕೆ ಕಂಡುಕೊಂಡ ಉಪಾಯ ಸ್ಪರ್ಶ ಪ್ರಚೋದಿತ ಪ್ರೋಬ್. ಸ್ಟೈಲಸ್ಸನ್ನು ಹೊತ್ತ ತುಂಡಿನಿಂದ ಮೂರು ಕಡೆಗೆ ಮೂರು ಕಿರುಕಂಬಿಗಳು ಚಾಚಿರುತ್ತವೆ. ಒಂದೊಂದು ಕಂಬಿಯೂ ಎರಡೆರಡು ಗುಂಡುಗಳ ನಡುವೆ ಕೂರುತ್ತದೆ, ಮೇಲಿನಿಂದ ಸ್ಪ್ರಿಂಗ್ ಒತ್ತಿ ಹಿಡಿಯುತ್ತದೆ. ಈ ಆರು ಸಂಪರ್ಕಗಳ ಮೂಲಕ ವಿದ್ಯುತ್ ಹರಿಯುತ್ತಿರುತ್ತದೆ. ಗುಂಡು ಯಾವುದಕ್ಕಾದರೂ ತಾಗಿ ಕಡ್ಡಿ ಚೂರು ಓರೆಯಾದರೆ ಸಂಪರ್ಕ ಸಡಿಲವಾಗಿ ವಿದ್ಯುತ್ ರೋಧ ಏರುತ್ತದೆ. ಆ ಕ್ಷಣದ ನಿರ್ದೇಶಾಂಕವನ್ನು ಯಂತ್ರ ದಾಖಲಿಸಿಕೊಳ್ಳುತ್ತದೆ. ಹಿಂದೆ ಸರಿದಾಗ ಸ್ಪ್ರಿಂಗ್ ಕಡ್ಡಿಯನ್ನು ಮತ್ತೆ ಅದೇ ಜಾಗಕ್ಕೆ ತಂದು ಕೂರಿಸುತ್ತದೆ. ಮರುವರ್ಷವೇ ಮ್ಯಾಕ್‌ಮರ್ಟ್ರಿ, ಜಾನ್ ಡಿಯರ್ ಜತೆಗೂಡಿ ರೆನಿಶಾ ಕಂಪನಿ ಆರಂಭಿಸಿದರು. ಒಂದು ಕೊಳವೆಯ ತಾಪತ್ರಯದಿಂದ ಹುಟ್ಟಿದ ಪ್ರೋಬ್ ಮುಂದೆ ಲೋಕದ ಕಾರ್ಖಾನೆಗಳನ್ನೆಲ್ಲ ಸೇರಿತು.

ಇದರ ಬೆನ್ನಿಗೆ ಬಂದ ದೋಷ ಆ ಮೂರು ಕಾಲುಗಳಲ್ಲೇ ಅಡಗಿತ್ತು. ಮೂರು ಕಾಲಿನ ಮಣೆಯನ್ನು ಒಂದು ದಿಕ್ಕಿನಿಂದ ಒತ್ತಿದರೆ ಬೇಗ ವಾಲುತ್ತದೆ, ಇನ್ನೊಂದು ದಿಕ್ಕಿನಿಂದ ಒತ್ತಿದರೆ ತಡೆದು ನಿಲ್ಲುತ್ತದೆ. ಈ ಪ್ರೋಬ್ ಕೂಡ ಹಾಗೆಯೇ. ಮುಟ್ಟಿದ ದಿಕ್ಕಿಗೆ ತಕ್ಕಂತೆ ಬೇಕಾಗುವ ಬಲ ಬೇರೆ, ಸಂಕೇತ ಹೊರಡುವ ಮೊದಲು ಕಡ್ಡಿ ಬಾಗುವ ಪ್ರಮಾಣವೂ ಬೇರೆ. ನಿಖರವಾಗಿ ದುಂಡಗಿರುವ ಉಂಗುರವನ್ನು ಅಳೆದರೂ ನಕ್ಷೆಯಲ್ಲಿ ಮೂರು ಮೂಲೆಯ ಛಾಯೆ ಕಾಣುತ್ತಿತ್ತು. ಕಡ್ಡಿ ಉದ್ದವಾದಷ್ಟೂ ಈ ತ್ರಿಕೋನ ಹಿಗ್ಗುತ್ತದೆ. ಮುಂದೆ ರೆನಿಶಾದ ಟಿಪಿ200 ಬಗೆಯ ಪ್ರೋಬ್‌ಗಳು ಒಳಗೆ ಸ್ಟ್ರೇನ್ ಗೇಜ್ ಇಟ್ಟುಕೊಂಡು, ಕಂಬಿಗಳು ಏಳುವ ಮೊದಲೇ ಬಲವನ್ನು ಗುರುತಿಸಿ ಇದನ್ನು ಬಹುಮಟ್ಟಿಗೆ ಪರಿಹರಿಸಿದವು.

ಕಡ್ಡಿಯ ಉದ್ದದ ಮಾತನ್ನು ಲೆಕ್ಕ ಹಾಕಿಯೇ ನೋಡಬೇಕು. ಒಂದು ಕಡೆ ಹಿಡಿದ ಕೋಲು ಬಾಗುವ ಪ್ರಮಾಣ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. ಉದ್ದ ಎರಡು ಪಟ್ಟಾದರೆ ಬಾಗು ಎಂಟು ಪಟ್ಟು. ದಪ್ಪ ಎರಡು ಪಟ್ಟಾದರೆ ಬಾಗು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 1.5 ಮಿ.ಮೀ. ದಪ್ಪದ, 50 ಮಿ.ಮೀ. ಉದ್ದದ ಟಂಗ್‌ಸ್ಟನ್ ಕಾರ್ಬೈಡ್ ಕಡ್ಡಿಯ ತುದಿಗೆ ಹತ್ತು ಗ್ರಾಂ ತೂಕದಷ್ಟು ಬಲ ಬಿದ್ದರೆ ಅದು ಸುಮಾರು 28 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಬಾಗುತ್ತದೆ. ಅದೇ ಅಳತೆಯ ಉಕ್ಕಿನ ಕಡ್ಡಿಯಾದರೆ ಅದರ ಮೂರು ಪಟ್ಟು. ಉದ್ದವನ್ನು 25 ಮಿ.ಮೀ.ಗೆ ಇಳಿಸಿದರೆ ಕಾರ್ಬೈಡ್ ಬಾಗುವುದು ಮೂರೂವರೆ ಮೈಕ್ರಾನ್ ಮಾತ್ರ. ಅಳತೆಗೆ ಮೊದಲು ಗಾತ್ರ ಗೊತ್ತಿರುವ ಗೋಳವನ್ನು ಮುಟ್ಟಿಸಿ ಮಾಡುವ ಕ್ಯಾಲಿಬ್ರೇಷನ್ ಈ ಬಾಗನ್ನು ಸರಿದೂಗಿಸುತ್ತದೆ ಎಂಬುದು ನಿಜ. ಆದರೆ ಕ್ಯಾಲಿಬ್ರೇಷನ್‌ನಲ್ಲಿದ್ದ ಬಲ, ವೇಗ, ದಿಕ್ಕುಗಳು ಅಳತೆಯಲ್ಲೂ ಇದ್ದಾಗ ಮಾತ್ರ. ಆದ್ದರಿಂದಲೇ ಅನುಭವಿಗಳ ಮೊದಲ ಪಾಠ ಇಂದಿಗೂ ಬದಲಾಗಿಲ್ಲ: ಕಡ್ಡಿ ಗಿಡ್ಡವಿರಲಿ, ದಪ್ಪವಿರಲಿ, ಕೀಲುಗಳು ಕಡಿಮೆಯಿರಲಿ, ಗುಂಡು ಸಾಧ್ಯವಾದಷ್ಟು ದೊಡ್ಡದಿರಲಿ.

ಉದ್ದ ಬೇಕೇ ಬೇಕು ಎಂಬ ಸಂದರ್ಭಕ್ಕೆ ಕಾರ್ಬನ್ ಫೈಬರ್ ಬಂತು. ಹಗುರ, ಬಿರುಸು, ಬಿಸಿಗೆ ಹೆಚ್ಚುಕಡಿಮೆ ಹಿಗ್ಗದ ವಸ್ತು. 100 ಮಿ.ಮೀ. ಉಕ್ಕಿನ ಎಕ್ಸ್‌ಟೆನ್ಷನ್ ಒಂದು ಡಿಗ್ರಿ ಬಿಸಿಯಾದರೆ ಒಂದು ಮೈಕ್ರಾನಿಗಿಂತ ಹೆಚ್ಚು ಉದ್ದವಾಗುತ್ತದೆ. ಬರಿಗೈಯಲ್ಲಿ ಹಿಡಿದು ಜೋಡಿಸಿ ಕೂಡಲೇ ಅಳೆಯಲು ಹೊರಟರೆ ಕೈಯ ಬಿಸಿಯೂ ಅಳತೆಯೊಳಗೆ ಸೇರಿಕೊಳ್ಳುತ್ತದೆ.

1980ರ ದಶಕದಲ್ಲಿ ಪ್ರೋಬ್‌ಗೆ ಕತ್ತು ಬಂತು. ಅಲ್ಲಿಯವರೆಗೆ ಪಕ್ಕದ ತೂತು ಅಳೆಯಬೇಕಾದರೆ ನಾಲ್ಕಾರು ದಿಕ್ಕಿಗೆ ಕಡ್ಡಿ ಚಾಚಿದ ನಕ್ಷತ್ರ ಸ್ಟೈಲಸ್ ಕಟ್ಟಬೇಕಿತ್ತು. ಮೋಟಾರು ಚಾಲಿತ ಹೆಡ್ ಬಂದ ಮೇಲೆ ಒಂದೇ ನೇರ ಕಡ್ಡಿ ಬೇಕಾದತ್ತ ತಿರುಗತೊಡಗಿತು. ಇಂದಿಗೂ ಎಷ್ಟೋ ಕೋಣೆಗಳಲ್ಲಿ ದುಡಿಯುತ್ತಿರುವ ರೆನಿಶಾದ ಪಿಎಚ್10 ಹೆಡ್ 7.5 ಡಿಗ್ರಿಯ ಮೆಟ್ಟಿಲುಗಳಲ್ಲಿ ತಿರುಗಿ 720 ಭಂಗಿಗಳಲ್ಲಿ ನಿಲ್ಲಬಲ್ಲದು.

720 ಭಂಗಿ ಎಂದರೆ ಸಾಕಲ್ಲವೇ ಎನಿಸುತ್ತದೆ. ಒಂದು ಗೇರ್ ಬಾಕ್ಸ್ ಕವಚದಲ್ಲಿ 34 ಡಿಗ್ರಿ ಓರೆಯಾಗಿ ಕೊರೆದ ತೂತಿದೆ ಎಂದುಕೊಳ್ಳೋಣ. ಹೆಡ್ ನಿಲ್ಲಬಲ್ಲ ಅತಿ ಹತ್ತಿರದ ಕೋನ 37.5. ಉಳಿಯುವ ವ್ಯತ್ಯಾಸ ಮೂರೂವರೆ ಡಿಗ್ರಿ. ಗುಂಡು 4 ಮಿ.ಮೀ., ಕಡ್ಡಿ 2 ಮಿ.ಮೀ. ಇದ್ದರೆ ಕಡ್ಡಿಗೂ ತೂತಿನ ಗೋಡೆಗೂ ನಡುವೆ ಇರುವ ಜಾಗ ಒಂದೇ ಮಿಲಿಮೀಟರ್. ಮೂರೂವರೆ ಡಿಗ್ರಿ ವಾಲಿದ ಕಡ್ಡಿ ಸುಮಾರು 16 ಮಿ.ಮೀ. ಆಳದಲ್ಲೇ ಆ ಜಾಗವನ್ನು ಕಳೆದುಕೊಳ್ಳುತ್ತದೆ. ಅದಕ್ಕಿಂತ ಆಳಕ್ಕಿಳಿದರೆ ಗುಂಡಿಗಿಂತ ಮೊದಲೇ ಕಡ್ಡಿಯ ಮೈ ತೂತಿನ ಬಾಯಿಗೆ ತಾಗುತ್ತದೆ. ಪ್ರೋಬ್‌ಗೆ ತಿಳಿಯುವುದು ಏನೋ ತಾಗಿತು ಎಂಬುದಷ್ಟೇ. ಗುಂಡೋ ಕಡ್ಡಿಯೋ ಅದಕ್ಕೆ ಗೊತ್ತಿಲ್ಲ. ಯಂತ್ರ ಎಚ್ಚರಿಕೆಯ ಗಂಟೆ ಬಾರಿಸದೆ, ಇರುವುದಕ್ಕಿಂತ ಚಿಕ್ಕ ವ್ಯಾಸವನ್ನು ವರದಿಯಲ್ಲಿ ಅಚ್ಚು ಹಾಕುತ್ತದೆ. ತೂತು ಚಿಕ್ಕದಾಗಿದೆ ಎಂದು ನಂಬಿ ಯಾರಾದರೂ ಅದನ್ನು ಮತ್ತೆ ಹಿಗ್ಗಿಸಿದರೆ ಒಳ್ಳೆಯ ತುಂಡು ಗುಜರಿಗೆ ಹೋಗುತ್ತದೆ.

ಯಾವ ಕೋನದಿಂದ ಯಾವ ಮೈಯನ್ನು ಮುಟ್ಟಬಹುದು ಎಂಬ ಪ್ರಶ್ನೆಯನ್ನು ಗಣಕ ವಿಜ್ಞಾನಿಗಳೂ ಕೈಗೆತ್ತಿಕೊಂಡರು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಪಿರಿಡಿ ಮತ್ತು ರೆಕ್ವಿಷಾ 1990ರಲ್ಲಿ ಇದಕ್ಕೆ ರೇಖಾಗಣಿತದ ಅಡಿಪಾಯ ಹಾಕಿದರು. ತುಂಡಿನ ಪ್ರತಿ ಮೈಗೂ ಕಡ್ಡಿ ಅಡ್ಡಿಯಿಲ್ಲದೆ ಬರಬಹುದಾದ ದಿಕ್ಕುಗಳ ಒಂದು ಕಟ್ಟು ಇರುತ್ತದೆ. ಬೇರೆ ಬೇರೆ ಮೈಗಳ ಕಟ್ಟುಗಳು ಎಲ್ಲಿ ಕೂಡುತ್ತವೆಯೋ ಅಲ್ಲಿ ಒಂದೇ ಭಂಗಿಯಿಂದ ಹಲವನ್ನು ಅಳೆಯಬಹುದು. ಅತಿ ಕಡಿಮೆ ಭಂಗಿಗಳಲ್ಲಿ ಎಲ್ಲವನ್ನೂ ಮುಗಿಸುವ ಲೆಕ್ಕ ತುಂಡು ಜಟಿಲವಾದಂತೆ ಬೆಟ್ಟದಷ್ಟಾಗುತ್ತದೆ, ಹಾಗಾಗಿ ತಂತ್ರಾಂಶಗಳು ಸಾಕಷ್ಟು ಒಳ್ಳೆಯ ಉತ್ತರಕ್ಕೆ ತೃಪ್ತಿಪಡುತ್ತವೆ. ಈ ಸಂಶೋಧನೆಯ ಬಹುಭಾಗ ಕಡ್ಡಿ ಮುಟ್ಟಬಲ್ಲದೇ ಎಂದು ಕೇಳಿತು. ಎಷ್ಟು ಚೆನ್ನಾಗಿ ಮುಟ್ಟಬಲ್ಲದು ಎಂದು ಕೇಳಿದ್ದು ಕಡಿಮೆ. ಆ ತೀರ್ಮಾನ ಇಂದಿಗೂ ಹೆಚ್ಚಾಗಿ ಆಪರೇಟರನದೇ.

ಇತ್ತ ಜರ್ಮನಿಯಲ್ಲಿ ಇನ್ನೊಂದು ಧಾರೆ ಹರಿಯುತ್ತಿತ್ತು. ಝೈಸ್ ಕಂಪನಿ 1973ರಲ್ಲೇ ತಂದ ಯುಎಂಎಂ 500 ಯಂತ್ರದ ಪ್ರೋಬ್, ಕಡ್ಡಿ ಮೂರು ದಿಕ್ಕಿನಲ್ಲೂ ಎಷ್ಟು ಸರಿಯಿತು ಎಂಬುದನ್ನೇ ಅಳೆಯುತ್ತಿತ್ತು. ಇಲ್ಲಿಂದ ಬೆಳೆದದ್ದು ಮೈಯನ್ನು ಸವರುತ್ತ ಸಾವಿರಾರು ಬಿಂದುಗಳನ್ನು ಹೆಕ್ಕುವ ಸ್ಕ್ಯಾನಿಂಗ್. ಸವರುವಿಕೆಯ ಜತೆ ಸವೆತ ಬಂತು. ಅಲ್ಯೂಮಿನಿಯಂ ಮೇಲೆ ಉಜ್ಜಿದ ಮಾಣಿಕ್ಯಕ್ಕೆ ಅಲ್ಯೂಮಿನಿಯಂ ಮೆತ್ತಿಕೊಳ್ಳುತ್ತದೆ. ಅಲ್ಲಿಗೆ ಸಿಲಿಕಾನ್ ನೈಟ್ರೈಡ್ ಗುಂಡು ಒಳ್ಳೆಯದು. ಬೀಡು ಕಬ್ಬಿಣ ಮಾಣಿಕ್ಯವನ್ನು ತೇಯುತ್ತದೆ, ಅಲ್ಲಿಗೆ ಜಿರ್ಕೋನಿಯಾ. 2000ರ ದಶಕದಲ್ಲಿ ಬಂದ ರೆನಿಶಾದ ರೆವೊ ಹೆಡ್‌ಗೆ ಮೆಟ್ಟಿಲುಗಳೇ ಇಲ್ಲ, ಯಾವ ಕೋನಕ್ಕಾದರೂ ಹೊರಳುತ್ತ ಸೆಕೆಂಡಿಗೆ 500 ಮಿ.ಮೀ. ವೇಗದವರೆಗೆ ಸವರಬಲ್ಲದು. ಟೊಳ್ಳು ಕಡ್ಡಿಯೊಳಗೆ ಹಾಯಿಸಿದ ಲೇಸರ್ ಕಿರಣ ತುದಿ ಎಷ್ಟು ಬಾಗಿತು ಎಂಬುದನ್ನು ತುದಿಯಲ್ಲೇ ಗುರುತಿಸುತ್ತದೆ. ಬಾಗುವುದನ್ನು ತಪ್ಪಿಸಲಾಗದಿದ್ದರೆ ಅದನ್ನೇ ಅಳೆದುಬಿಡುವ ಈ ಯೋಚನೆ, ಮ್ಯಾಕ್‌ಮರ್ಟ್ರಿಯ ಮೂರು ಕಾಲುಗಳ ನಂತರದ ಅತ್ಯಂತ ಸೊಗಸಾದ ಹೆಜ್ಜೆ.

ಪರೀಕ್ಷೆಯ ನಿಯಮಗಳೂ ಜತೆಜತೆಗೆ ಬೆಳೆದವು. ಐಎಸ್ಒ 10360 ಮಾನಕದ ಪ್ರಕಾರ ಒಂದು ಪ್ರಮಾಣಿತ ಗೋಳದ ಮೇಲೆ 25 ಬಿಂದುಗಳನ್ನು ಮುಟ್ಟಿ, ಅವು ಎಷ್ಟು ಚದುರಿದವು ಎಂಬುದರಿಂದ ಪ್ರೋಬ್‌ನ ಯೋಗ್ಯತೆ ಅಳೆಯುತ್ತಾರೆ. ಹಲವು ಕಡ್ಡಿ, ಹಲವು ಕೋನ ಬಳಸುವ ವ್ಯವಸ್ಥೆಗೆ ಪರೀಕ್ಷೆಯೇ ಬೇರೆ. ಇನ್ನು ನಮ್ಮಲ್ಲಿ, ಬೆಂಗಳೂರಿನ ತುಮಕೂರು ರಸ್ತೆಯಲ್ಲಿ 1962ರಲ್ಲಿ ಆರಂಭವಾದ ಕೇಂದ್ರೀಯ ತಯಾರಿಕಾ ತಂತ್ರಜ್ಞಾನ ಸಂಸ್ಥೆ (ಸಿಎಂಟಿಐ), 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಹುಟ್ಟಿದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದಂಥ (ಜಿಟಿಟಿಸಿ) ಸಂಸ್ಥೆಗಳಿಂದಾಗಿ ಮೈಕ್ರಾನಿನ ಭಾಷೆ ಕರ್ನಾಟಕದ ಕಾರ್ಖಾನೆಗಳಿಗೆ ಹೊಸದೇನಲ್ಲ.

ಆದರೂ ತಪಾಸಣಾ ವರದಿಗಳಲ್ಲಿ ವ್ಯಾಸ ನಾಲ್ಕು ದಶಮಾಂಶದವರೆಗೆ ಅಚ್ಚಾಗಿರುತ್ತದೆ, ಅದನ್ನು ಅಳೆದ ಕಡ್ಡಿಯ ಸುದ್ದಿ ಎಷ್ಟೋ ಸಲ ಇರುವುದೇ ಇಲ್ಲ. ವರದಿ ಬರೆಯುವವರೂ ಕೇಳಿ ಪಡೆಯುವವರೂ ಅದಕ್ಕೊಂದು ಸಾಲು ಸೇರಿಸಿಕೊಳ್ಳಲಿ: ಕಡ್ಡಿಯ ಉದ್ದ, ಗುಂಡಿನ ವ್ಯಾಸ, ಹೆಡ್ಡಿನ ಕೋನ, ಕ್ಯಾಲಿಬ್ರೇಷನ್ ಆದ ಹೊತ್ತು.