ನಿಜಲಿಂಗಪ್ಪನವರ ಬಹಿರಂಗ ಪತ್ರ ಮತ್ತು ಬಳ್ಳಾರಿಯ ಮತ: 1969ರ ರಾಷ್ಟ್ರಪತಿ ಚುನಾವಣೆ ಕುರಿತು

1969ರ ಅಕ್ಟೋಬರ್ ಕೊನೆಯಲ್ಲಿ ಕಾಂಗ್ರೆಸ್ ಅಧ್ಯಕ್ಷ ಎಸ್. ನಿಜಲಿಂಗಪ್ಪನವರು ಪ್ರಧಾನಿ ಇಂದಿರಾ ಗಾಂಧಿಯವರಿಗೆ ಬಹಿರಂಗ ಪತ್ರವೊಂದನ್ನು ಬರೆದರು. ಪ್ರಧಾನಿಯ ಮೇಲಿನ ವ್ಯಕ್ತಿನಿಷ್ಠೆಯೇ ಪಕ್ಷನಿಷ್ಠೆಗೂ ದೇಶನಿಷ್ಠೆಗೂ ಒರೆಗಲ್ಲಾಗುತ್ತಿದೆ ಎಂಬುದು ಅದರ ತಿರುಳು. ಅದನ್ನು ತತ್ತ್ವದ ಮಾತೆಂದು ಮಾತ್ರ ಓದಿದರೆ ಸಾಲದು. ಟಿಕೆಟ್ ಯಾರ ಕೈಯಲ್ಲಿರಬೇಕು, ಮಂತ್ರಿಗಿರಿ ಯಾರ ಕೃಪೆಯಿಂದ ಬರಬೇಕು ಎಂಬ ಜಗಳವೂ ಅದರೊಳಗಿದೆ.

ಪತ್ರಕ್ಕೆ ಸಹಿ ಹಾಕಿದವರು ಆಗಿನ ಬಳ್ಳಾರಿ ಜಿಲ್ಲೆಯ ಹಲುವಾಗಲಿನಲ್ಲಿ ಹುಟ್ಟಿದವರು. ಆ ಜಗಳ ಬಯಲಿಗೆ ಬಂದ ರಾಷ್ಟ್ರಪತಿ ಚುನಾವಣೆಯಲ್ಲಿ ಅವರ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ ನೆರೆಯ ಅನಂತಪುರದವರು. ಆ ಜಿಲ್ಲೆ 1882ರವರೆಗೆ ಬಳ್ಳಾರಿಯೊಳಗೇ ಇತ್ತು. ಎದುರಾಳಿ ವಿ. ವಿ. ಗಿರಿ 1965–67ರಲ್ಲಿ ಮೈಸೂರಿನ ರಾಜ್ಯಪಾಲರು. ಆಗ ಮುಖ್ಯಮಂತ್ರಿ ಇದೇ ನಿಜಲಿಂಗಪ್ಪ. ದೂರದ ದೆಹಲಿಯ ಜಗಳ ಎನ್ನುವಷ್ಟು ದೂರದ್ದೇನೂ ಅಲ್ಲ ಇದು.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡಾಗ ಉಪರಾಷ್ಟ್ರಪತಿ ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಪಕ್ಷದ ಸಂಸದೀಯ ಮಂಡಳಿ, ಪ್ರಧಾನಿಯ ಇಚ್ಛೆಗೆ ವಿರುದ್ಧವಾಗಿ, ಬಹುಮತದಿಂದ ರೆಡ್ಡಿಯವರನ್ನು ಆರಿಸಿತು. ಅವರ ನಾಮಪತ್ರಕ್ಕೆ ಪ್ರಧಾನಿಯೇ ಸಹಿ ಹಾಕಿದರು. ಆಮೇಲೆ ಪಕ್ಷದ ಅಭ್ಯರ್ಥಿಗೇ ಮತ ಹಾಕಿ ಎಂಬ ವಿಪ್ ಕೊಡಲು ಅವರು ಒಪ್ಪಲಿಲ್ಲ, ಆತ್ಮಸಾಕ್ಷಿಯಂತೆ ಮತ ಹಾಕುವ ಮಾತು ಎದ್ದಿತು. ನಿಜಲಿಂಗಪ್ಪನವರೋ ರೆಡ್ಡಿಯವರಿಗಾಗಿ ಸ್ವತಂತ್ರ ಪಕ್ಷ, ಜನಸಂಘಗಳ ಎರಡನೆಯ ಪ್ರಾಶಸ್ತ್ಯದ ಮತ ಕೇಳಿದ್ದರು. ಇಂದಿರಾ ಕಡೆಯ ಜಗಜೀವನ ರಾಮ್, ಫಕ್ರುದ್ದೀನ್ ಅಲಿ ಅಹ್ಮದ್ ಪತ್ರ ಬರೆದು ಪ್ರಶ್ನಿಸಿದ್ದು ಇದನ್ನೇ.

ಆಗಸ್ಟ್ 16ರ ಚುನಾವಣೆಯ ಮತಪತ್ರದ ಬೆಲೆಯನ್ನು ಬಳ್ಳಾರಿಯ ಮಟ್ಟಿಗೆ ಲೆಕ್ಕ ಹಾಕಬಹುದು. 1961ರ ಜನಗಣತಿಯಂತೆ ಮೈಸೂರು ರಾಜ್ಯದ ಜನಸಂಖ್ಯೆ ಸುಮಾರು 2.36 ಕೋಟಿ, ಅದನ್ನು 216 ಶಾಸಕರಿಗೆ ಹಂಚಿ ಸಾವಿರದಿಂದ ಭಾಗಿಸಿದರೆ 109. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ಒಬ್ಬೊಬ್ಬ ಶಾಸಕರ ಚೀಟಿಗೂ ಅಷ್ಟೇ ತೂಕ. ಸಂಸದರ ಒಂದು ಮತಕ್ಕೆ 576. ಗಿರಿ ಗೆದ್ದದ್ದು 14,650 ಮೌಲ್ಯದ ಅಂತರದಲ್ಲಿ, ಅದೂ ಎರಡನೆಯ ಪ್ರಾಶಸ್ತ್ಯ ಸೇರಿಸಿಕೊಂಡು. ಸಂವಿಧಾನದ 55ನೇ ವಿಧಿ ಮತವನ್ನು ಗುಪ್ತವಾಗಿಟ್ಟಿದೆ. ಯಾರು ಯಾರ ಕಡೆ ವಾಲಿದರೆಂದು ಹೆಸರು ಹಿಡಿದು ಹೇಳುವ ಬರಹಗಳನ್ನು ಆದ್ದರಿಂದಲೇ ಅನುಮಾನದಿಂದ ನೋಡಬೇಕು.

ಬಳ್ಳಾರಿಯ ಸಂಸದರ ಸ್ಥಿತಿಯೇ ನಿಜಲಿಂಗಪ್ಪನವರ ಪತ್ರಕ್ಕೆ ಒಳ್ಳೆಯ ಭಾಷ್ಯ. ಅರ್ಥಶಾಸ್ತ್ರಜ್ಞ ವಿ. ಕೆ. ಆರ್. ವಿ. ರಾವ್ 1967ರಲ್ಲಿ ಇಲ್ಲಿಂದ ಗೆದ್ದಾಗ ರಾಜ್ಯ ಕಾಂಗ್ರೆಸ್ಸಿನಲ್ಲಿ ನಿಜಲಿಂಗಪ್ಪನವರ ಮಾತೇ ಮಾತು. ಅವರ ಒಪ್ಪಿಗೆ ಇಲ್ಲದೆ ಹೊರಗಿನ ವಿದ್ವಾಂಸರೊಬ್ಬರಿಗೆ ಆ ಟಿಕೆಟ್ ಸಿಕ್ಕಿರಲಾರದು ಎಂದು ನನ್ನ ಊಹೆ. ಆದರೆ 1969ರಲ್ಲಿ ರಾವ್ ಇಂದಿರಾ ಸಂಪುಟದ ಶಿಕ್ಷಣ ಸಚಿವರು. ಟಿಕೆಟ್ ಒಂದು ಬಾಗಿಲಿಂದ, ಮಂತ್ರಿಗಿರಿ ಇನ್ನೊಂದು ಬಾಗಿಲಿಂದ ಬಂದಾಗ ನಿಷ್ಠೆ ಯಾರಿಗೆ? ‘ಸಿಂಡಿಕೇಟ್’ ಎಂದು ಕರೆಸಿಕೊಂಡ, ಪಕ್ಷದ ಹಿರಿಯ ನಾಯಕರ ಗುಂಪಿನ ಮುಂದಾಳು ವ್ಯಕ್ತಿನಿಷ್ಠೆಯನ್ನು ಆಕ್ಷೇಪಿಸಿದ್ದರಲ್ಲಿ ಇಬ್ಬಂದಿತನವಿದೆ, ನಿಜ. ಆರೋಪ ಮಾತ್ರ ಸುಳ್ಳಾಗಿರಲಿಲ್ಲ.

ನವೆಂಬರ್ 12ರಂದು ಇಂದಿರಾ ಅವರನ್ನು ಪಕ್ಷದಿಂದ ಹೊರಹಾಕಲಾಯಿತು, ಪಕ್ಷ ಎರಡಾಯಿತು. ರಾವ್ ಇಂದಿರಾ ಅವರೊಂದಿಗೇ ಉಳಿದರು. 1971ರಲ್ಲಿ ಮೈಸೂರಿನ 27 ಲೋಕಸಭಾ ಸ್ಥಾನಗಳೂ ಇಂದಿರಾ ಕಾಂಗ್ರೆಸ್ಸಿನ ಪಾಲಾದವು. ಬಳ್ಳಾರಿಯಿಂದ ಮತ್ತೆ ಗೆದ್ದ ರಾವ್ ಈ ಸಲ ಟಿಕೆಟ್ಟಿಗೆ ನಿಜಲಿಂಗಪ್ಪನವರ ಮುಖ ನೋಡಬೇಕಾಗಿರಲಿಲ್ಲ.